ಜಗಲಿಯ ದೀಪ ಆರಿಸಿದ್ದೇಕೆಂದರೆ

ಕ್ಲೇಬರ್ನ್, ಒಹಾಯೋ
ನವೆಂಬರ್ ಒಂದು, ಶುಕ್ರವಾರ ಬೆಳಿಗ್ಗೆ

ವಿನ್ನಿ,

ನಿನ್ನೆ ಹ್ಯಾಲೋವೀನ್ ಸಂಜೆ ಏಳೂ ಹತ್ತಕ್ಕೆ ನೀನು ನನ್ನ ಮನೆಯ ಮುಂದಿನ ಕಾಲುದಾರಿಯಲ್ಲಿ ನಿಂತಿದ್ದೆ. ನೀಲಿ ಕೋಟು, ಕೊರಳಿಗೆ ಅಮ್ಮನ ಬೂದು ಶಾಲು, ಬಲಗೈಯಲ್ಲಿ ಜೇನುಹುಳದ ವೇಷ ತೊಟ್ಟ ಮಗುವಿನ ಕೈ. ಆ ಜೇನುಹುಳ ನಿನ್ನ ಮೊಮ್ಮಗಳು ಟೆಸ್ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಿನ್ನ ಹಾಗೆಯೇ ಎಡಪಾದವನ್ನು ತುಸು ಒಳಕ್ಕೆ ತಿರುಗಿಸಿ ನಿಂತಿತ್ತು. ಒಂದು ಬೀರುವಿಗೆ ಬೆಲೆ ಕಟ್ಟಲು ನನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀವಿಬ್ಬರೂ ನಿಂತಿದ್ದಿರಿ. ಒಂದೂವರೆ ನಿಮಿಷ. ಆಮೇಲೆ ಹೊರಟುಹೋದಿರಿ.

ಬಾಗಿಲಿನ ಗಾಜಿನ ಈಚೆ ಬದಿಯಲ್ಲಿ ನಾನಿದ್ದೆ. ತೊಡೆಯ ಮೇಲೆ ಚಾಕಲೇಟಿನ ಬೋಗುಣಿ, ಕೈ ಚಿಲಕದ ಮೇಲೆ. ನನ್ನ ತಂಗಿ ಹದಿನಾಲ್ಕು ವರ್ಷದ ಮೇಲೆ ಒಂದೇ ಒಂದು ಸಲ ಗಂಟೆ ಒತ್ತಲಿ ಎಂದು ಇಡೀ ಅಕ್ಟೋಬರ್ ತಿಂಗಳು ಈ ಮನೆಯನ್ನು ಅಲಂಕರಿಸಿದವಳು ನಾನು. ಗಂಟೆ ಆಗಲಿಲ್ಲ. ನೀನು ನನ್ನ ಮನೆಯನ್ನು ನೋಡಿ, ಗುರುತು ಹಿಡಿದು, ಬೇಡವೆಂದು ಮುಂದೆ ಹೋದೆ ಎಂದುಕೊಂಡೆ. ನಿನ್ನೆ ರಾತ್ರಿಯೆಲ್ಲ ಹಾಗೆಯೇ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಲಮಾರ್ ಬಾಯಿಬಿಟ್ಟ ಮೇಲೆ ತಿಳಿಯಿತು, ತಪ್ಪು ನನ್ನದೇ, ಒಂದು ಸ್ವಿಚ್ಚಿನದು ಎಂದು. ಅದಕ್ಕೇ ಈ ಕಾಗದ.

ನಿನ್ನ ಮಗಳು ಜೋಲೀನ್ ಮನೆ ಇಲ್ಲಿಂದ ಒಂದೇ ಬೀದಿ ಹಿಂದೆ. ನಾನೇ ಎದ್ದು ಬರಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ. ನಲವತ್ತು ವರ್ಷ ಹಳೆ ಸಾಮಾನಿನ ಅಂಗಡಿ ನಡೆಸಿದ ಬಾಯಿ ಇದು. ತೆರೆದ ಕೂಡಲೇ ಚೌಕಾಸಿಗೆ ಇಳಿಯುತ್ತದೆ, ತನ್ನ ತಪ್ಪನ್ನು ಅರ್ಧ ಬೆಲೆಗೆ ದಾಟಿಸಿ, ಮಿಕ್ಕರ್ಧವನ್ನು ಎದುರಿನವರ ತಲೆಗೆ ಕಟ್ಟಿಬಿಡುತ್ತದೆ. ಕಾಗದದಲ್ಲಾದರೆ ಆ ಚಾಲಾಕಿ ನಡೆಯುವುದಿಲ್ಲ. ಎರಡು ಹಾಳೆ ಬರೆದು ಹರಿದು ಹಾಕಿದ್ದೇನೆ. ಇದು ಮೂರನೆಯದು.

ಈ ಊರಿಗೆ ಹೊಸದಾಗಿ ಬಂದ ಜೋಲೀನ್ ಆಗಸ್ಟಿನಲ್ಲಿ ನನ್ನ ಅಂಗಡಿಗೆ ಬಂದಿದ್ದಳು, ಮಗುವಿಗೊಂದು ಓದುವ ಮೇಜು ಹುಡುಕಿಕೊಂಡು. ಈಗ ನಾನು ಶನಿವಾರ ಮಾತ್ರ ಅಂಗಡಿ ತೆಗೆಯುತ್ತೇನೆ. ಅವಳ ಮುಖ ನೋಡಿದ ತಕ್ಷಣ ನಿನ್ನ ಮಗಳೆಂದು ಗೊತ್ತಾಯಿತು. ನಾನು ಯಾರೆಂದು ಅವಳಿಗೂ ಗೊತ್ತಿತ್ತು. ಇಬ್ಬರೂ ಹತ್ತು ನಿಮಿಷ ಮೇಜಿನ ಕಾಲಿನ ಬಗ್ಗೆ ಮಾತಾಡಿದೆವು. ಕೊನೆಗೆ ಅವಳೇ ಅಂದಳು: "ದೊಡ್ಡಮ್ಮಾ, ಹ್ಯಾಲೋವೀನಿಗೆ ಅಮ್ಮ ಬರ್ತಾಳೆ. ಅವತ್ತು ನಂಗೆ ಆಸ್ಪತ್ರೇಲಿ ಡ್ಯೂಟಿ. ಟೆಸ್‌ನ ವೇಷ ಹಾಕ್ಸಿ ಮಿಠಾಯಿ ಕೇಳೋಕೆ ಮನೆಮನೆಗೂ ಅವಳೇ ಕರ್ಕೊಂಡ್ ಹೋಗ್ತಾಳಂತೆ. ನಿಮ್ಮ ಬೀದೀಗೂ ಬರ್ತಾರೆ. ಸುಮ್ನೆ ಹೇಳ್ದೆ."

ಸುಮ್ನೆ ಹೇಳ್ದೆ ಅಂದಳು. ಮೇಜಿಗೆ ದುಡ್ಡು ತೆಗೆದುಕೊಳ್ಳಲಿಲ್ಲ ನಾನು. ಅವಳನ್ನು ಕೇಳು ಬೇಕಾದರೆ. ಅಂಗಡಿ ಇಟ್ಟಾಗಿನಿಂದ ಹಾಗೆ ಮಾಡಿದ್ದು ಅದೇ ಮೊದಲು. ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಏನೋ ಕಳವಾದಂತೆ ಒದ್ದಾಡಿದೆ.

ಅವತ್ತೇ ತೀರ್ಮಾನಿಸಿದೆ. ಈ ಮನೆ ಕೊಂಡು ಇಪ್ಪತ್ತೆರಡು ವರ್ಷವಾಯಿತು. ಇಪ್ಪತ್ತೆರಡು ವರ್ಷವೂ ಹ್ಯಾಲೋವೀನ್ ಸಂಜೆ ಐದೂವರೆಗೆ ಜಗಲಿಯ ದೀಪ ಆರಿಸಿ, ಹಿಂದಿನ ಅಡುಗೆಮನೆಗೆ ಹೋಗಿ, ರೇಡಿಯೋ ಸಣ್ಣಗೆ ಹಾಕಿಕೊಂಡು ಕೂತವಳು ನಾನು. ಕಾರಣ ಕೇಳಿದರೆ ನಾಚಿಕೆ. ಜನ್ಮದಲ್ಲಿ ನನ್ನ ಅಂಗಡಿಯಿಂದ ಒಂದು ಚಮಚವನ್ನೂ ಕೊಳ್ಳದ ಮನೆಯ ಮಕ್ಕಳಿಗೆ ನಾನೇಕೆ ಮಿಠಾಯಿ ಹಂಚಬೇಕು ಎಂದು. ದೀಪ ಆರಿದ ಮನೆಗೆ ಯಾರೂ ಹೋಗುವುದಿಲ್ಲವಲ್ಲ, ಊರಿನ ಕಟ್ಟಳೆಯೇ ಹಾಗಿದೆ. ನನಗೆ ಅದು ಅನುಕೂಲವಾಗಿತ್ತು. ಈ ವರ್ಷ ಮಾತ್ರ ಈ ಬೀದಿಯ ಎಲ್ಲ ಮನೆಗಳಿಗಿಂತ ಚೆಂದವಾಗಿ ನನ್ನ ಮನೆ ಕಾಣಬೇಕು, ನೀನು ಅದನ್ನು ನೋಡಿ ನಿಲ್ಲಬೇಕು, ನಿಂತವಳು ಮೆಟ್ಟಿಲು ಹತ್ತಬೇಕು ಎಂದುಕೊಂಡೆ.

ಚೆಂದ ಅಂದರೆ ಲಮಾರನ ಚೆಂದ ಅಲ್ಲ. ಲಮಾರ್ ಶಾಲೆಯ ಬಸ್ಸು ಓಡಿಸುತ್ತಿದ್ದು ನಿವೃತ್ತನಾದವನು. ಅವನ ಅಂಗಳದಲ್ಲಿ ಹನ್ನೆರಡು ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರ ನಿಂತಿದೆ, ಮುನ್ನೂರು ಡಾಲರಿನದು. ಅದರ ಕಾಲ ಬುಡದಲ್ಲಿ ಗಾಳಿ ತುಂಬಿದ ಮೂರು ದೆವ್ವಗಳು, ಹಗಲೂ ಇರುಳೂ ಗುಂಯ್‌ಗುಡುವ ಫ್ಯಾನುಗಳು. ಅವನ್ನು ನೋಡಿದಾಗಲೆಲ್ಲ ನನಗೆ ಜನವರಿಯ ನೆನಪಾಗುತ್ತದೆ. ಇವೆಲ್ಲ ಜನವರಿಯಲ್ಲಿ ನನ್ನ ಅಂಗಡಿಗೆ ಐದು ಡಾಲರಿಗೆ ಬಂದು ಬೀಳುವ ಸರಕು.

ನನ್ನದು ಅಮ್ಮನ ರೀತಿ. ನೆನಪಿದೆಯಾ, ಜೋಳದ ಹೊಲದಾಚೆಯ ನಮ್ಮ ಬಾಡಿಗೆ ಮನೆಯ ಜಗಲಿ? ಅಮ್ಮ ಅದನ್ನು ಕೈಗೆ ಸಿಕ್ಕಿದ್ದರಿಂದಲೇ ಸಿಂಗರಿಸುತ್ತಿದ್ದಳು. ನಾನೂ ಹಾಗೆಯೇ ಮಾಡಿದೆ. ಜೋಳದ ದಂಟು ಬೇಕೆಂದು ಕೇಳಿದ್ದಕ್ಕೆ ಸಾಲೆಮ್ ರಸ್ತೆಯ ರೈತ ಪುಕ್ಕಟೆ ಕೊಟ್ಟ, ದಂಟನ್ನು ನಾನೇ ಕಡಿದುಕೊಳ್ಳಬೇಕೆಂದು. ಎಪ್ಪತ್ತೊಂದರ ಬೆನ್ನು ಆ ಪುಕ್ಕಟೆಗೆ ಮೂರು ದಿನ ಬೆಲೆ ತೆತ್ತಿತು. ಎರಡು ಕಟ್ಟು ಮಾಡಿ ಬಾಗಿಲಿನ ಎರಡೂ ಬದಿಗೆ ನಿಲ್ಲಿಸಿದೆ. ದಿನಸಿ ಅಂಗಡಿಯ ಕಂದು ಕಾಗದದ ಚೀಲಗಳನ್ನು ಬಿಡಿಸಿ, ಬೂಟ್ ಪಾಲಿಷ್ ತಿಕ್ಕಿ ಕಪ್ಪು ಮಾಡಿ, ಬಾವಲಿಗಳನ್ನು ಕತ್ತರಿಸಿದೆ. ಅಂಗಡಿಯಿಂದ ತಂದ ಕಪ್ಪು ಹಾಳೆಯಲ್ಲಿ ಆ ಸುಕ್ಕು ಬರುವುದಿಲ್ಲ. ಸುಕ್ಕಿದ್ದರೇ ರೆಕ್ಕೆಯಂತೆ ಕಾಣುವುದು. ಹಳೆಯ ತೆಳುಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಬಾಟಲಿಯ ಮೇಲೆ ಚೆಂಡಿಟ್ಟು ಹೊದಿಸಿ, ಒಣಗಿದ ಮೇಲೆ ಬಾಟಲಿ ತೆಗೆದೆ. ಒಳಗೆ ಯಾರೂ ಇಲ್ಲದೆಯೂ ತಾನೇ ನಿಲ್ಲುವ ದೆವ್ವ ಅದು. ಅದನ್ನು ಊಟದ ಮೇಜಿನ ಮೇಲಿಟ್ಟು ಎರಡು ದಿನ ಅದರ ಜೊತೆಯಲ್ಲೇ ಉಂಡೆ. ಮನೆಯಲ್ಲಿ ಇನ್ನೊಂದು ಆಕಾರ ಇದ್ದದ್ದು ಹಿತವಾಗಿತ್ತು, ನಿಜ ಹೇಳಬೇಕೆಂದರೆ.

ಓಟ್ಸಿನ ದುಂಡು ಡಬ್ಬಗಳಿಗೆ ಕಣ್ಣು, ಮೂಗು, ಬಾಯಿ ಕೊರೆದು ಕಿಟಕಿಯ ಲಾಂದ್ರ ಮಾಡಿದೆ. ಅದಕ್ಕಾಗಿ ಆಗಸ್ಟಿನಿಂದ ಬೆಳಿಗ್ಗೆ ಬೇರೇನೂ ತಿಂದಿಲ್ಲ. ಉಪ್ಪಿನಕಾಯಿ ಶೀಶೆಗಳು ಹನ್ನೊಂದು, ಒಳಗೆ ಮೋಂಬತ್ತಿಯ ತುಂಡು, ಅವು ಮೆಟ್ಟಿಲುಗಳಿಗೆ. ಕುಂಬಳಕಾಯಿ ಒಂದೇ, ಎರಡೂವರೆ ಡಾಲರ್. ಒಂದು ಬದಿ ಚಪ್ಪಟೆಯಾಗಿದೆ ಎಂದು ಚೌಕಾಸಿ ಮಾಡಿ ಇಳಿಸಿದ್ದು. ತಿರುಳನ್ನು ಸೂಪಿಗೆ ಹಾಕಿ, ಬೀಜ ಹುರಿದಿಟ್ಟೆ. ಎಲ್ಲ ಸೇರಿ ಹನ್ನೊಂದು ಡಾಲರ್ ನಲವತ್ತು ಸೆಂಟು. ಲಮಾರನ ಅಸ್ಥಿಪಂಜರದ ಒಂದು ಮೊಣಕಾಲೂ ಬರುವುದಿಲ್ಲ ಅಷ್ಟಕ್ಕೆ.

ಬೇಲಿಯಾಚೆಯಿಂದ ಅವನು ದಿನಾ ನೋಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದ: "ಏನ್ರೀ ಬರ್ಟಿ, ನಿಮ್ಮನೇಲಿ ಯಾರಾದ್ರೂ ತೀರಿಕೊಂಡ್ರಾ? ಬರೀ ಕಪ್ಪು ಬಿಳುಪು ಕಟ್ತಿದ್ದೀರಿ."

"ಇದಕ್ಕೆ ಅಭಿರುಚಿ ಅಂತಾರೆ ಲಮಾರ್. ಫ್ಯಾನ್ ಹಾಕಿ ಊದ್ಸೋಕಾಗಲ್ಲ ಇದನ್ನ."

"ನಮ್ಮ ಎಲುಬಪ್ಪ ಹನ್ನೆರಡು ಅಡಿ ಇದಾನೆ. ನಿಮ್ಮ ಅಭಿರುಚಿ ಎಷ್ಟು ಅಡಿ?"

"ನಿಮ್ಮ ಎಲುಬಪ್ಪನ ಪಕ್ಕೆಲುಬಿನ ಸಂದೀಲಿ ಗುಬ್ಬಿ ಗೂಡು ಕಟ್ಟಿದೆ, ಮೊದ್ಲು ಅದನ್ನ ನೋಡಿ."

ಇಪ್ಪತ್ತೆರಡು ವರ್ಷ ಪಕ್ಕಪಕ್ಕದಲ್ಲಿದ್ದೂ ನಾವು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಕೊನೆಗೆ ಬೆಕ್ಕು. ಅಮ್ಮನ ಬೆಕ್ಕು, ವಿನ್ನಿ. ಮುಂಗಾಲೂರಿ ಎದುರಿಗೆ ನೋಡುತ್ತ ಕೂತ ರಟ್ಟಿನ ಕರಿಬೆಕ್ಕು, ಕಾಲಿಗೂ ಬಾಲಕ್ಕೂ ಹಿತ್ತಾಳೆ ಪಿನ್ನು, ದಾರ ಎಳೆದರೆ ಅಲ್ಲಾಡುವಂಥದು. ನೆನಪಿನಿಂದಲೇ ಬರೆದು ಕತ್ತರಿಸಬೇಕಿತ್ತು. ಏಳು ಬೆಕ್ಕು ಹಾಳಾದವು. ಒಂದು ನರಿಯಂತೆ ಬಂತು, ಇನ್ನೊಂದು ನಮ್ಮ ಕೌಂಟಿಯ ಹಳೆಯ ನ್ಯಾಯಾಧೀಶರಂತೆ. ಎಂಟನೆಯದು ನನ್ನನ್ನು ನೋಡಿತು, ಅಮ್ಮನ ಬೆಕ್ಕು ನೋಡುತ್ತಿದ್ದ ಹಾಗೆ, ಇವಳು ಇವತ್ತೇನು ಕದ್ದು ತಿಂದಳು ಎಂಬಂತೆ. ಅದನ್ನು ಮುಂದಿನ ಕಿಟಕಿಗೆ ಕಟ್ಟಿದೆ, ಹಿಂದೆ ಒಂದು ಲಾಂದ್ರ ಇಟ್ಟು. ಬೀದಿಯಿಂದ ನೋಡಿದವರಿಗೆ ಬೇರೇನೂ ಕಾಣದಿದ್ದರೂ ಆ ಬೆಕ್ಕು ಕಾಣಬೇಕು. ನೋಡಿದವರಲ್ಲಿ ಒಬ್ಬಳಿಗೆ ಮಾತ್ರ ಅದು ಯಾವ ಬೆಕ್ಕು ಎಂದು ತಿಳಿಯಬೇಕು.

ಈಗ ಆ ಪೆಟ್ಟಿಗೆಯ ಮಾತು ಆಡಲೇಬೇಕು.

ಅಮ್ಮ ಹೋದ ಮೇಲೆ ಅವಳ ಮನೆಯ ಸಾಮಾನನ್ನು ಅಂಗಳದಲ್ಲಿ ಹರಡಿ ಮಾರಿದ್ದು ನಾನು. ಒಂದೇ ದಿನದಲ್ಲಿ ಇಡೀ ಮನೆಗೆ ಬೆಲೆ ಚೀಟಿ ಅಂಟಿಸಿದೆ. ಅದು ನನ್ನ ಕಸುಬು, ಸತ್ತವರ ಮನೆಗಳನ್ನು ನಾನು ಹಾಗೆಯೇ ಖಾಲಿ ಮಾಡಿಕೊಡುತ್ತಿದ್ದೆ. ಹ್ಯಾಲೋವೀನ್ ಸಾಮಾನಿನ ರಟ್ಟಿನ ಪೆಟ್ಟಿಗೆಗೆ ಎರಡು ಡಾಲರ್ ಎಂದು ಅಂಟಿಸಿದೆ. ಬೆಳಿಗ್ಗೆ ಒಂಬತ್ತರೊಳಗೆ ಯಾರೋ ದಾರಿಹೋಕರು ಎತ್ತಿಕೊಂಡು ಹೋದರು. ನೀನು ಇಂಡಿಯಾನಾದಿಂದ ಮಧ್ಯಾಹ್ನ ಬಂದೆ. ಕೋಟನ್ನೂ ತೆಗೆಯದೆ ನೇರ ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ ನೋಡಿ ಬಂದು ಕೇಳಿದೆ, ಅಮ್ಮನ ಅಕ್ಟೋಬರ್ ಪೆಟ್ಟಿಗೆ ಎಲ್ಲಿ ಎಂದು. ಎರಡು ಡಾಲರಿಗೆ ಹೋಯಿತೆಂದು ನಾನು ಹೇಳಿದೆ. ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಗೆಲ್ಲುತ್ತಿದ್ದೆ. ನೀನು ಮೆಲ್ಲಗೆ ಅಂದೆ: "ಎರಡು ಡಾಲರಾ? ನಿನ್ ಹತ್ರ ಎಲ್ಲಕ್ಕೂ ಒಂದು ಚೀಟಿ ಇದೆ ಬರ್ಟಿ. ನಂಗೂ ಒಂದು ಅಂಟಿಸಿಬಿಡು, ಯಾರಾದ್ರೂ ತಗೊಂಡು ಹೋಗ್ಲಿ." ಅಷ್ಟು ಹೇಳಿ ಕಾರು ಹತ್ತಿದೆ.

ಕಾರಿನ ಕಿಟಕಿಗೆ ಬಾಗಿ ನಾನು ನಿನಗೆ ಒಂದು ಮಾತು ಹೇಳಿದ್ದೆ. ಪೆಟ್ಟಿಗೆ ತೆರೆದೇ ನೋಡಿರಲಿಲ್ಲ ಕಣೇ, ಒಳಗೇನಿದೆ ಅಂತ ಗೊತ್ತಿರಲಿಲ್ಲ ಎಂದು.

ಅದು ಸುಳ್ಳು. ತೆರೆದಿದ್ದೆ. ಬೆಕ್ಕನ್ನು ಹೊರಗೆ ತೆಗೆದು, ದಾರ ಎಳೆದು, ಕಾಲಾಡಿಸಿ ನೋಡಿದ್ದೆ. ಪೆಟ್ಟಿಗೆಯ ಮುಚ್ಚಳದ ರೆಕ್ಕೆಯ ಮೇಲೆ ಅಮ್ಮ ಬಳಪದಲ್ಲಿ ಬರೆದಿದ್ದಳು, ಕಿತ್ತಳೆ ಬಣ್ಣದ ಬಳಪ: "ಅಕ್ಟೋಬರ್. ವಿನ್ನಿಗೆ."

ನಾಲ್ಕು ವರ್ಷ, ಪ್ರತಿ ಭಾನುವಾರ, ಅಮ್ಮನ ಬಟ್ಟೆ ಒಗೆದವಳು ನಾನು. ಅವಳ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿದವಳು, ಕಾಲುಗುರು ಕತ್ತರಿಸಿದವಳು ನಾನು. ಹಬ್ಬಕ್ಕೊಂದು ಫೋನು ಮಾಡುವವಳಿಗೆ ಅಮ್ಮ ಹೆಸರು ಬರೆದು ಎತ್ತಿಟ್ಟ ವಸ್ತು ಒಂದಿತ್ತು. ನನ್ನ ಹೆಸರು ಬರೆದದ್ದು ಯಾವುದಾದರೂ ಇದೆಯಾ ಎಂದು ಆ ಮನೆಯ ಪ್ರತಿಯೊಂದು ಖಾನೆಯನ್ನೂ ತೆಗೆದು ನೋಡಿದೆ. ಇರಲಿಲ್ಲ. ಅವಳಿಗೆ ನಾನು ಕಣ್ಣೆದುರಿಗೇ ಇದ್ದೆನಲ್ಲ, ಎದುರಿಗಿದ್ದವರಿಗೆ ಹೆಸರು ಬರೆದು ಇಡಬೇಕೆಂದು ತೋಚಿರಲಿಕ್ಕಿಲ್ಲ. ಈಗ ಹೀಗೆ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ. ಆ ರೆಕ್ಕೆಯನ್ನು ಹರಿದು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಗೇಟಿಗೆ ಎಲ್ಲಕ್ಕಿಂತ ಹತ್ತಿರದ ಮೇಜಿನ ಮೇಲಿಟ್ಟೆ. ಎರಡು ಡಾಲರ್ ಅಂದರೆ ಬೇಗ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಬೇಗ ಹೋಗಲಿ ಎಂದೇ ಆ ಬೆಲೆ ಹಾಕಿದ್ದು. ನೀನು ಮಧ್ಯಾಹ್ನ ಬರುತ್ತೀಯೆಂದು ತಿಳಿದೇ ಹಾಕಿದ್ದು.

ಇದು ನನ್ನ ಕಸುಬಿನ ಒರಟುತನ ಎಂದು ನೀನು ತಿಳಿದಿದ್ದೆ. ಹಾಗೆಯೇ ತಿಳಿದಿರಲಿ ಎಂದು ಹದಿನಾಲ್ಕು ವರ್ಷ ಬಿಟ್ಟೆ. ಒರಟುತನಕ್ಕಿಂತ ಕೀಳಾದದ್ದು ಅದು, ವಿನ್ನಿ. ಹೊಟ್ಟೆಕಿಚ್ಚು.

ಸರಿ. ನಿನ್ನೆಯ ಸಂಜೆಗೆ ಬರುತ್ತೇನೆ.

ಮಕ್ಕಳು ಮನೆಮನೆಗೆ ಹೋಗಲು ಊರಿನ ಕಚೇರಿ ಗೊತ್ತುಮಾಡಿದ ಹೊತ್ತು ಆರರಿಂದ ಎಂಟು. ಐದೂಮುಕ್ಕಾಲಿಗೆಲ್ಲ ಮೋಡ ಕವಿದು ಕತ್ತಲಾಗಿತ್ತು. ಶೀಶೆಗಳ ಬತ್ತಿ ಹಚ್ಚಿ, ಬೀದಿಗಿಳಿದು ನಿಂತು ಮನೆಯನ್ನು ನೋಡಿದೆ. ಏನೋ ಸರಿಯಿರಲಿಲ್ಲ. ಜಗಲಿಯ ಬಲ್ಬು ಬೆಳ್ಳಗೆ ರಾಚುತ್ತಿತ್ತು. ಅದರ ಕೆಳಗೆ ನನ್ನ ದೆವ್ವ ಒಣಗಲು ಹಾಕಿದ ಕೈವಸ್ತ್ರದಂತೆ ಕಾಣುತ್ತಿತ್ತು, ಬಾವಲಿಗಳ ಮೇಲೆ ದಿನಸಿ ಅಂಗಡಿಯ ಮುದ್ರೆ ಎದ್ದು ಕಾಣುತ್ತಿತ್ತು. ಆಗ ಅಮ್ಮನ ಮಾತು ಕಿವಿಯಲ್ಲೇ ಕೇಳಿಸಿತು. ಪ್ರತಿ ವರ್ಷ ಎಲ್ಲ ಕಟ್ಟಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದಳಲ್ಲ: "ಈಗ ದೀಪ ಆರಿಸ್ರೇ ಹುಡ್ಗೀರಾ. ಕತ್ತಲೇನೇ ಅರ್ಧ ಅಲಂಕಾರ. ಅದಕ್ಕೆ ಯಾರಿಗೂ ಕಾಸು ಕೊಡ್ಬೇಕಾಗಿಲ್ಲ."

ಆರಿಸಿದೆ. ನಡುಮನೆಯ ದೀಪವನ್ನೂ ಆರಿಸಿದೆ. ಮತ್ತೆ ಬೀದಿಗಿಳಿದು ನೋಡಿದೆ. ಅಬ್ಬಾ ವಿನ್ನಿ! ದಂಟುಗಳು ನಿಟ್ಟುಸಿರು ಬಿಟ್ಟ ಹಾಗಿತ್ತು. ಕಿಟಕಿಯಲ್ಲಿ ಬೆಕ್ಕು ಜೀವ ತಳೆದು ಕೂತಿತ್ತು. ಅಮ್ಮನ ಜಗಲಿಯೇ ಬಂದು ನನ್ನ ಮನೆಗೆ ಅಂಟಿಕೊಂಡಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಒಳಗೆ ಹೋಗಿ, ಬಾಗಿಲ ಬದಿಯ ಕುರ್ಚಿಯಲ್ಲಿ ಬೋಗುಣಿ ಹಿಡಿದು ಕತ್ತಲಲ್ಲಿ ಕೂತೆ.

ಅಮ್ಮನ ಮನೆ ರಸ್ತೆಯ ಕೊನೆಯದಾಗಿತ್ತು. ಅಲ್ಲಿಯವರೆಗೆ ಬಂದವರೆಲ್ಲ ನಮ್ಮ ಮನೆಗೇ ಬಂದವರು. ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಮಕ್ಕಳನ್ನು ದೂರವಿಡಲು ಒತ್ತಿದ ಅದೇ ಸ್ವಿಚ್ಚನ್ನು ಅವರನ್ನು ಕರೆಯಲು ಒತ್ತಿದ್ದೆ.

ಆರಕ್ಕೆ ಗಾಳಿ ಎದ್ದಿತು. ಮೆಟ್ಟಿಲ ಶೀಶೆಗಳು ಒಂದೊಂದಾಗಿ ಆರಿದವು. ಹಚ್ಚಲು ಹೋಗೋಣವೆಂದರೆ, ಅಷ್ಟರಲ್ಲಿ ನೀನು ಬಂದುಬಿಟ್ಟರೆ ಬಗ್ಗಿಕೊಂಡಿರುವಾಗ ಸಿಕ್ಕಿಬೀಳುತ್ತೇನೆ ಎಂಬ ಜಂಬ. ಹೊರಗೆ ಮಕ್ಕಳ ಗದ್ದಲ ನದಿಯಂತೆ ಹರಿಯುತ್ತಿತ್ತು. ನನ್ನ ಗೇಟಿನ ಬಳಿ ಬಂದಾಗ ಸದ್ದು ಸಣ್ಣದಾಗುವುದು, ದಾಟಿದ ಮೇಲೆ ದೊಡ್ಡದಾಗುವುದು. ಲಮಾರನ ಅಂಗಳದಲ್ಲಿ ಕೇಕೆ. ಆರೂವರೆ ಆಯಿತು. ಏಳಾಯಿತು. ನನ್ನ ಬೋಗುಣಿಯಲ್ಲಿ ಅರವತ್ತು ಚಾಕಲೇಟು, ಅರವತ್ತೂ ಇದ್ದವು. ನನ್ನ ಅಂಗಡಿಯಲ್ಲಿ ಗಿರಾಕಿಯಿಲ್ಲದ ದಿನಗಳು ಎಷ್ಟೋ ಬಂದು ಹೋಗಿವೆ. ಆದರೆ ಪುಕ್ಕಟೆ ಕೊಡುತ್ತೇನೆಂದು ಕೂತ ದಿನವೂ ಯಾರೂ ಬಾರದೆ ಹೋದದ್ದು ಇದೇ ಮೊದಲು. ಆ ಖಾಲಿತನದ ರುಚಿಯೇ ಬೇರೆ.

ಆಗ ನೀನು ಬಂದೆ. ನಿಂತೆ. ಟೆಸ್ ಏನೋ ಹೇಳಿತು. ನೀನು ಕಿಟಕಿಯ ಕಡೆ ನೋಡಿದೆ. ನನ್ನ ಕೈ ಚಿಲಕದ ಮೇಲಿತ್ತು, ಎಳೆದರೆ ಬಾಗಿಲು ತೆರೆಯುತ್ತಿತ್ತು. ಎಳೆಯಲಿಲ್ಲ. ಇಷ್ಟೆಲ್ಲ ನಾನು ಮಾಡಿದ್ದೇನೆ, ಗಂಟೆಯನ್ನಾದರೂ ಅವಳು ಒತ್ತಲಿ ಎಂದು ಕಾದೆ. ಕೊನೆಯ ಒಂದು ಡಾಲರಿಗಾಗಿ ಹಟ ಹಿಡಿದು ಇಡೀ ವ್ಯಾಪಾರ ಕಳೆದುಕೊಳ್ಳುವವರನ್ನು ನೋಡಿ ನಾನು ಎಷ್ಟು ನಕ್ಕಿಲ್ಲ! ನೀನು ಮಗುವಿನ ಕೈ ಹಿಡಿದು ಲಮಾರನ ಮನೆಯ ಕಡೆ ತಿರುಗಿದೆ.

ಎಂಟಕ್ಕೆ, ಹೊತ್ತು ಮುಗಿಯಿತೆಂದು, ಊರಿನ ಸೈರನ್ ಕೂಗಿತು. ನಾನು ಐದು ಚಾಕಲೇಟು ತಿಂದು, ಅದನ್ನೇ ಊಟವೆಂದುಕೊಂಡು, ದೀಪ ಹಾಕದೆಯೇ ಹೋಗಿ ಮಲಗಿದೆ.

ಇವತ್ತು ಬೆಳಿಗ್ಗೆ ದಂಟು ಬಿಚ್ಚುತ್ತಿದ್ದೆ. ಲಮಾರ್ ಕಾಫಿ ಲೋಟ ಹಿಡಿದು ಬೇಲಿಗೆ ಬಂದ.

"ಬರ್ಟಿ, ಒಂದು ಕೇಳ್ಲಾ? ಬೈಬೇಡಿ. ತಿಂಗಳೆಲ್ಲಾ ಒದ್ದಾಡಿ ಅಷ್ಟು ಚೆನ್ನಾಗಿ ಕಟ್ಟಿ, ಕೊನೇಗೆ ದೀಪ ಯಾಕ್ರೀ ಆರ್ಸಿದ್ರಿ?"

"ಚೆಂದ ಕಾಣ್ಲಿ ಅಂತ."

"ಚೆಂದ ಯಾರಿಗೆ ಕಾಣ್ಬೇಕು? ಒಂದು ಮಗೂನೂ ನಿಮ್ಮ ಗೇಟ್ ದಾಟ್ಲಿಲ್ಲ. ದೀಪ ಇಲ್ದಿದ್ರೆ ಹೋಗ್ಬಾರ್ದು ಅಂತ ಶಾಲೇಲಿ ಚೀಟಿ ಕೊಟ್ಟಿದಾರೆ. ಅದೂ ನಿಮ್ಮನೆ! ನಾನು ಬಸ್ಸಲ್ಲಿ ಕೂರಿಸ್ಕೊಂಡು ಹೋಗ್ತಿದ್ದ ಮಕ್ಕಳೇ ಈಗ ಅಪ್ಪ ಅಮ್ಮ ಆಗಿದಾರೆ. ಅವ್ರೂ ತಮ್ಮ ಮಕ್ಕಳಿಗೆ ಹೇಳ್ಕೊಟ್ಟಿದಾರೆ, ಆ ಮನೆ ಬಿಟ್ಟು ಮುಂದೆ ನಡೀರಿ ಅಂತ."

ಕೈಯಲ್ಲಿದ್ದ ಹುರಿ ಕೆಳಗೆ ಬಿತ್ತು. ಅವನು ಬಾಗಿ ಎತ್ತಿಕೊಡಲೂ ಇಲ್ಲ, ಮಾತಿನ ಭರದಲ್ಲಿದ್ದ.

"ನೀಲಿ ಕೋಟಿನ ಒಬ್ರು ಬಂದಿದ್ರು, ಜೇನುಹುಳಾನ ಕರ್ಕೊಂಡು. ಮಗು ನಿಮ್ಮ ಗೇಟ್ ಹತ್ರ, 'ಅಜ್ಜೀ, ದೀಪ ಇಲ್ಲ' ಅಂತು. ಅವ್ರು, 'ಹೌದು ಕಂದಾ, ಒಳಗಿರೋರಿಗೆ ಬೇಡ ಅಂತ ಕಾಣತ್ತೆ, ತೊಂದ್ರೆ ಕೊಡ್ಬಾರ್ದು' ಅಂದ್ರು. ಆಮೇಲೆ ನಮ್ಮಲ್ಲಿಗೆ ಬಂದ್ರು. ಮಗು ಎಲುಬಪ್ಪನ ಕಾಲು ಹಿಡ್ಕೊಂಡು ಆಡ್ತಿತ್ತು, ಅವ್ರು ಮಾತ್ರ ನಿಮ್ಮ ಕಿಟಕೀನೇ ನೋಡ್ತಾ ನಿಂತಿದ್ರು. 'ಆ ಬೆಕ್ಕು ಎಲ್ಲಿ ಕೊಂಡಿದ್ದು, ಗೊತ್ತಾ?' ಅಂತ ಕೇಳಿದ್ರು. 'ಕೊಂಡಿದ್ದಲ್ಲಮ್ಮಾ, ಒಂದು ವಾರ ಕತ್ತರಿ ಹಿಡ್ಕೊಂಡ್ ಕೂತು ಮಾಡಿದಾರೆ' ಅಂದೆ."

"ಅದಕ್ಕೆ ಅವಳೇನಂದ್ಲು?"

"ಬೇಲಿ ಹತ್ರ ಹೋಗಿ ಇನ್ನೊಂದ್ಸಲ ನೋಡಿದ್ರು. ಆಮೇಲೆ, 'ಬಾಲ ಎಡಗಡೆ ಇರ್ಬೇಕಿತ್ತು' ಅಂದ್ರು. ಮೂಗು ಒರೆಸ್ಕೊಂಡ್ರು. ಚಳಿ ಇತ್ತಲ್ಲ."

ಲಮಾರ್ ಒಳ್ಳೆಯವನು, ವಿನ್ನಿ. ಚಳಿ ಇತ್ತಲ್ಲ ಎಂದು ತಾನೇ ಸೇರಿಸಿದ.

ನಾನು ಒಳಗೆ ಬಂದು ಬೆಕ್ಕನ್ನು ಕಿಟಕಿಯಿಂದ ಇಳಿಸಿ ಮೇಜಿನ ಮೇಲಿಟ್ಟು ನೋಡಿದೆ. ಬಾಲ ಬಲಗಡೆಯೇ ಇತ್ತು, ನನ್ನ ನೆನಪಿನಲ್ಲಿ. ತುಂಬ ಹೊತ್ತು ಯೋಚಿಸಿದ ಮೇಲೆ ನೆನಪಿಗೆ ಬಂತು. ನಿನಗೆ ಮೂರು ವರ್ಷ ಇರಬೇಕು. ಬೆಕ್ಕು ನೆಲದ ಮೇಲಿತ್ತು, ನೀನು ಅದರ ಬಾಲ ತುಳಿದೆ. ಪಿನ್ನಿನ ತೂತು ಹರಿಯಿತು. ನೀನು ಅಳುತ್ತಿದ್ದೆ. ಅಮ್ಮ ಬಯ್ಯದೆ, ಇನ್ನೊಂದು ಬದಿಗೆ ಹೊಸ ತೂತು ಮಾಡಿ, ಬಾಲವನ್ನು ಎಡಕ್ಕೆ ಸಿಕ್ಕಿಸಿದಳು. ಅಲ್ಲಿಂದ ಮುಂದೆ ಅದು ಎಡಬಾಲದ ಬೆಕ್ಕು. ನೀನು ಬಲ್ಲದ್ದು ಅದನ್ನೇ. ನಾನು ಮಾತ್ರ ನೀನು ಹುಟ್ಟುವ ಮುಂಚಿನ ಬೆಕ್ಕನ್ನೇ ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಮ್ಮ ಮತ್ತು ನಾನು, ಮಧ್ಯೆ ಯಾರೂ ಇಲ್ಲದ ಕಾಲದ್ದು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಹೆಚ್ಚುವರಿ ಬಿಳಿ ದುಪ್ಪಟಿ ಒಂದೇ ಇದ್ದದ್ದಕ್ಕೆ ನಾವಿಬ್ಬರೂ ಅದರೊಳಗೆ ಹೊಕ್ಕು ನಾಲ್ಕು ಕಾಲಿನ ದೆವ್ವವಾಗಿ ಮನೆಮನೆಗೆ ಹೋಗುತ್ತಿದ್ದೆವು. ನಾನು ಮುಂದೆ, ನೀನು ಹಿಂದೆ ನನ್ನ ಬೆಲ್ಟು ಹಿಡಿದು. ಕಣ್ಣಿನ ತೂತು ನನಗೆ ಮಾತ್ರ. ನಿನಗೆ ಏನೂ ಕಾಣುತ್ತಿರಲಿಲ್ಲ. ಪ್ರತಿ ಬಾಗಿಲಲ್ಲೂ ಪಿಸುಗುಡುತ್ತಿದ್ದೆ: "ತೆಗೆದ್ರಾ ಬರ್ಟಿ? ಏನ್ ಕೊಟ್ರು? ಎಷ್ಟು ಕೊಟ್ರು?" ಮೂರು ಕೊಟ್ಟಿದ್ದರೆ ನಾನು ಎರಡು ಎನ್ನುತ್ತಿದ್ದೆ. ನಿನ್ನ ಕೈಗೆ ಒಂದು ಇಡುತ್ತಿದ್ದೆ. ನೀನು ನಂಬುತ್ತಿದ್ದೆ. ಕತ್ತಲಲ್ಲಿ, ನನ್ನ ಬೆಲ್ಟು ಹಿಡಿದುಕೊಂಡು, ಎಡಪಾದ ಒಳಕ್ಕೆ ತಿರುಗಿಸಿ ಎಡವುತ್ತ, ಪೂರ್ತಿಯಾಗಿ ನಂಬುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ನಂಬಿದವರು ಆಮೇಲೆ ಯಾರೂ ಸಿಗಲಿಲ್ಲ.

ಈ ಕಾಗದದ ಜೊತೆಗೆ ಒಂದು ರಟ್ಟಿನ ತುಂಡು ಇದೆ. ಕಿತ್ತಳೆ ಬಳಪ ಸ್ವಲ್ಪ ಮಾಸಿದೆ, ಆದರೆ ಅಮ್ಮನ ಅಕ್ಷರ ನಿನಗೆ ಗುರುತು ಸಿಗುತ್ತದೆ. ಅದರ ಹಿಂದೆ ಮುಂದೆ ನೋಡು, ಬೆಲೆ ಚೀಟಿ ಇಲ್ಲ.

ಜೋಲೀನ್ ಮನೆಯ ಅಂಚೆಪೆಟ್ಟಿಗೆಗೆ ಮಧ್ಯಾಹ್ನದೊಳಗೆ ಇದನ್ನು ನಾನೇ ಹಾಕಿ ಬರುತ್ತೇನೆ. ನೀನು ಭಾನುವಾರ ಹೊರಡುತ್ತೀಯೆಂದು ಲಮಾರನಿಗೆ ಹೇಳಿದ್ದೆಯಂತೆ. ಬಿಚ್ಚಿದ ದಂಟನ್ನು ಮತ್ತೆ ಕಟ್ಟಿದ್ದೇನೆ. ದೆವ್ವವನ್ನು ಮತ್ತೆ ನಿಲ್ಲಿಸಿದ್ದೇನೆ. ಬೆಕ್ಕು ಕಿಟಕಿಗೆ ಮರಳಿದೆ, ಬಾಲವಿಲ್ಲದೆ. ಬಾಲವೂ ಹಿತ್ತಾಳೆ ಪಿನ್ನೂ ಅಡುಗೆಮನೆಯ ಮೇಜಿನ ಮೇಲೆ ನಿನಗಾಗಿ ಕಾದಿವೆ. ಅದನ್ನು ನೀನೇ ಸಿಕ್ಕಿಸಬೇಕು. ಟೆಸ್‌ಳನ್ನೂ ಕರೆದುಕೊಂಡು ಬಾ, ಐವತ್ತೈದು ಚಾಕಲೇಟು ಇವೆ. ಕುಂಬಳಕಾಯಿ ಸೂಪಿದೆ, ಹುರಿದ ಬೀಜ ಇದೆ. ಬಾರದೆ ಹೋದರೆ ನಾನು ಬೇಸರಪಡುವುದಿಲ್ಲ ಎಂದು ಬರೆದು, ಅಡ್ಡಗೆರೆ ಎಳೆದೆ. ಬೇಸರಪಡುತ್ತೇನೆ.

ಮತ್ತೆ, ಜಗಲಿಯ ದೀಪ. ಹಾಕಿದ್ದೇನೆ. ಇದನ್ನು ಬರೆಯುವಾಗ ಬೆಳಿಗ್ಗೆ ಹತ್ತು ಗಂಟೆ, ಹೊರಗೆ ಒಳ್ಳೆಯ ಬಿಸಿಲಿದೆ. ಈಗ ತಾನೇ ಲಮಾರ್ ಬೇಲಿಯಿಂದ ಕೂಗಿದ: "ಬರ್ಟೀ, ಹಗಲು ಹೊತ್ತಲ್ಲಿ ದೀಪ ಉರೀತಿದೆ! ಮೀಟರ್ ಓಡ್ತಿದೆ ಕಣ್ರೀ!"

"ಓಡ್ಲಿ ಬಿಡಿ," ಅಂದೆ.

ಅವನು ಕಾಫಿ ಲೋಟ ಹಿಡಿದು ಹಾಗೆಯೇ ನಿಂತುಬಿಟ್ಟಿದ್ದಾನೆ, ನನಗೆ ಜ್ವರವೇನಾದರೂ ಬಂದಿದೆಯೇ ಎಂಬಂತೆ. ಭಾನುವಾರದವರೆಗೆ ಅದು ಆರುವುದಿಲ್ಲ. ಆಮೇಲೂ ಆರುವುದಿಲ್ಲ.

ನೀನು ನಡೆವ ದಾರಿಯಲ್ಲಿ ಎಡವದಿರು ತಂಗಿ. ನಿನ್ನ ಜೇನುಹುಳ ನೂರು ಬಾಗಿಲು ತಟ್ಟಲಿ, ನೂರೂ ತೆರೆಯಲಿ. ಅದರಲ್ಲಿ ನನ್ನದೂ ಒಂದಿರಲಿ.

ದುಪ್ಪಟಿಯೊಳಗೆ ಮುಂದೆ ನಡೆದವಳು, ಈ ಸಲ ಕಣ್ಣಿನ ತೂತನ್ನು ನಿನಗೇ ಬಿಟ್ಟುಕೊಡುವವಳು,

ನಿನ್ನ ಅಕ್ಕ
ಬರ್ಟಿ